ನಮ್ಮ ಯಜಮಾನರು ಮಗುವನ್ನು ಮುಟ್ಟದ ವರ್ಷ

ಹೋದ ವಾರ ಹಾಸನದ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳು ಸುಜಾತ ನನ್ನ ಎರಡೂ ಭುಜ ಹಿಡಿದು ಎಕ್ಸ್‌ರೇ ರೂಮಿನಿಂದ ಆಚೆಗೆ ದಬ್ಬಿದಳು. ಎಲ್ಲರ ಎದುರಿಗೇ ದಬ್ಬಿದಳು. ನನಗೆ ಆದ ಸಂತೋಷ ಹೇಳತೀರದು.

ಆಗಿದ್ದು ಇಷ್ಟೇ. ನನ್ನ ಮಂಡಿಯ ಫೋಟೋ ತೆಗೆದು ಮುಗಿದಿತ್ತು. ನಾನು ಸೀರೆ ಸರಿಮಾಡಿಕೊಂಡು ಅಲ್ಲೇ ನಿಂತು ಆ ಮೆಷೀನು, ಆ ಗಾಜಿನ ಕಿಟಕಿ, ಆ ದಪ್ಪ ಗೋಡೆ ಎಲ್ಲ ನೋಡುತ್ತಿದ್ದೆ. ಅಷ್ಟರಲ್ಲಿ ಯಾರೋ ತಾಯಿ ಕೈ ಮುರಿದುಕೊಂಡ ಮಗುವನ್ನು ಎತ್ತಿಕೊಂಡು ಬಂದಳು. ಸುಜಾತ ತಿರುಗಿ ನೋಡಿ, “ಅಜ್ಜೀ, ನಿಂದಾಯ್ತಲ್ಲ, ಇನ್ನೂ ಯಾಕ್ ನಿಂತಿದ್ದೀಯ? ನಡಿ ಆಚೆ” ಅಂದಳು.

“ಇರಮ್ಮಿ, ನೀನ್ ಕೆಲ್ಸ ಮಾಡೋದ ಒಂದ್ಗಳಿಗೆ ನೋಡ್ತೀನಿ.”

“ನೋಡೋಕೆ ಇದೇನ್ ನಾಟ್ಕಾನಾ? ಇಲ್ಲಿ ಬೇಕಿಲ್ದೋರು ಯಾರೂ ನಿಲ್ಲೋ ಹಂಗಿಲ್ಲ. ನಡಿ, ನಡಿ.”

ಅದೇ ಹೊತ್ತಿಗೆ ದೊಡ್ಡ ಡಾಕ್ಟರೊಬ್ಬರು ಬಾಗಿಲು ತೆಗೆದು ತಲೆ ಹಾಕಿದರು. ಅವರಿಗೂ “ಸರ್, ನೀವೂ ಅಷ್ಟೆ, ಆಚೆ” ಅಂದಳು. ಅವರೂ ತಲೆ ಎಳೆದುಕೊಂಡರು! ಬೇಕಿಲ್ಲದವರನ್ನು ಆ ಕಿರಣಗಳಿಂದ ದೂರ ಇಡುವುದೇ ಅವಳ ಕೆಲಸವಂತೆ. ರೇಡಿಯೇಷನ್ ಸೇಫ್ಟಿ ಆಫೀಸರ್ ಅಂತ ಬಾಗಿಲ ಮೇಲೆ ಅವಳ ಹೆಸರು ಹಾಕಿದ್ದಾರೆ. ದೊಡ್ಡ ಪರೀಕ್ಷೆ ಪಾಸು ಮಾಡಿ, ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸಿಕೊಂಡು, ನಮ್ಮ ಕೇರಿಯ ಹುಡುಗಿ ಡಾಕ್ಟರನ್ನು ಆಚೆ ಕಳಿಸುತ್ತಾಳೆ ಅಂದರೆ ನಾನು ಇನ್ನೇನು ಕೇಳಲಿ. ಚೀಲದಲ್ಲಿ ಮೈಸೂರುಪಾಕು ಇತ್ತು. ವರಾಂಡದಲ್ಲಿ ಕೂತಿದ್ದವರಿಗೆಲ್ಲ ಮುರಿದು ಮುರಿದು ಹಂಚಿದೆ. ಚನ್ನರಾಯಪಟ್ಟಣದ ಕಡೆಯ ಹೆಂಗಸೊಬ್ಬಳು, “ಏನಜ್ಜೀ ವಿಶೇಷ, ಮೊಮ್ಮಗಳ ಮದ್ವೇನಾ?” ಅಂದಳು. “ಇಲ್ಲ ಕಣವ್ವ, ನನ್ ಮೊಮ್ಮಗಳು ನನ್ನ ಆಚೆಗ್ ನೂಕುದ್ಲು” ಅಂದೆ. ಅವಳು ಪಾಪ, ಮೈಸೂರುಪಾಕನ್ನು ಬಾಯಿಗೆ ಹಾಕಿಕೊಳ್ಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು.

ನಗುತ್ತಾ ಕೂತಿದ್ದೆ. ಆಗ ಕಸ ಗುಡಿಸುವ ಹುಡುಗಿ ಬಕೀಟು ತಂದು ನೆಲಕ್ಕೆ ನೀರು ಹಾಕಿದಳು. ಆ ನೀರಿನಲ್ಲಿ ಹಳೇ ಕಾಲದ ಕೆಂಪು ಸೋಪಿನ ವಾಸನೆ ಇತ್ತು. ಕೈಯಲ್ಲಿದ್ದ ಚೂರು ಹಾಗೇ ಉಳಿಯಿತು. ಪಾಕಿಸ್ತಾನದ ಯುದ್ಧ ಮುಗಿದ ಮಾರನೇ ವರ್ಷ, ಇದೇ ಹಾಸನದಲ್ಲಿ, ನಮ್ಮ ಮನೆ ತುಂಬ ಇದ್ದದ್ದು ಇದೇ ವಾಸನೆ. ಸುಜಾತಳ ತಾಯಿ, ನನ್ನ ಮಗಳು ಜಯ, ಆಗ ಹುಟ್ಟಿದ ಕೂಸು. ಅವಳಿಗೆ ಅಪ್ಪನ ನೆನಪು ಒಂದಿಷ್ಟೂ ಇಲ್ಲ. ಅವಳಿಗೆ ಎರಡು ವರ್ಷ ತುಂಬುವ ಮೊದಲೇ ಅವರು ಹೋದರು. ಇದ್ದಷ್ಟು ದಿನವಾದರೂ ಮಗುವನ್ನು ಎತ್ತಿ ಆಡಿಸಿದರಾ ಅಂದರೆ, ಅದನ್ನೇ ಹೇಳುತ್ತೇನೆ.

ನಮ್ಮ ಯಜಮಾನರದು ದಂಡಿಗನಹಳ್ಳಿ ಕಡೆ, ನನ್ನ ತವರು ಬಾಗೂರು. ಎರಡು ಕಡೆಯೂ ನಾವು ಊರಾಚೆ ಕೇರಿಯವರು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ. ಕಾಫಿ ಕುಡಿದು ನಾವೇ ತೊಳೆದು ಬೋರಲು ಹಾಕಬೇಕಿತ್ತು. ಅವರು ಅದಕ್ಕೇ ಮಿಲಿಟರಿ ಸೇರಿದ್ದು. ಸೈನ್ಯದಲ್ಲಿ ಸೇತುವೆ ಕಟ್ಟುವ, ರಸ್ತೆ ಮಾಡುವ ಪಡೆಯಲ್ಲಿದ್ದರು. ಕೊನೆಕೊನೆಗೆ ಪೂನಾ ಕಡೆಯ ಒಂದು ಕ್ಯಾಂಪಿಗೆ ಕಳಿಸಿ ಅಣುಬಾಂಬಿನ ಪಾಠ ಹೇಳಿದ್ದರು. ಎಲ್ಲಾದರೂ ಆ ಬಾಂಬು ಬಿದ್ದರೆ ಸಿಪಾಯಿಗಳು ಏನು ಮಾಡಬೇಕು ಅಂತ. ಆ ಪಾಠವನ್ನು ಅವರು ನನಗೆ ಒಲೆ ಮುಂದೆ ಕೂತು ಒಪ್ಪಿಸುತ್ತಿದ್ದರು. ದೂರ ಇರಬೇಕು. ಮಣ್ಣಿನ ದಿಬ್ಬವೋ ಗೋಡೆಯೋ ಅಡ್ಡ ಇರಬೇಕು. ಹತ್ತಿರ ಹೋಗಲೇಬೇಕಾದರೆ ಸ್ವಲ್ಪ ಹೊತ್ತು ಒಬ್ಬ, ಆಮೇಲೆ ಇನ್ನೊಬ್ಬ, ಹೀಗೆ ಪಾಳಿ ಹಾಕಬೇಕು. ಆಳು ಬದಲಾಗಬಹುದು, ಕೆಲಸ ನಿಲ್ಲಬಾರದು. ಬಾಂಬಿನ ಧೂಳು ಮೈಗೆ ಅಂಟುತ್ತದೆ. ಬಟ್ಟೆ ಬಿಚ್ಚಿ ಹಾಕಿ ಸೋಪಿನಲ್ಲಿ ಉಜ್ಜಿ ತೊಳೆಯಬೇಕು. ತೊಳೆದ ಮೇಲೆ ಒಂದು ಪೆಟ್ಟಿಗೆಯನ್ನು ಮೈಮೇಲೆ ಆಡಿಸಿ ನೋಡುತ್ತಿದ್ದರಂತೆ. ಅದು ಟಿಕಟಿಕ ಅಂತ ಬಡಿದುಕೊಂಡರೆ ಇನ್ನೂ ಅಂಟಿದೆ ಅಂತ ಅರ್ಥ. ಪೆಟ್ಟಿಗೆ ಸುಮ್ಮನಾಗಿ, ಸಾಹೇಬರು “ಪಾಸ್” ಅನ್ನುವ ತನಕ ಯಾರನ್ನೂ ಮುಟ್ಟುವ ಹಾಗಿಲ್ಲ.

“ಯಾರ್ನೂ ಮುಟ್ಟಂಗಿಲ್ವಾ? ಅದ ಕಲಿಯಕ್ಕೆ ನೀವ್ ಅಷ್ಟ್ ದೂರ ಓಗ್ಬೇಕಿತ್ತಾ? ನಮ್ಮೂರ್ನೋರೆ ಹೇಳ್ಕೊಡ್ತಿದ್ರಲ್ಲ” ಅಂತ ನಾನು ತಮಾಷೆ ಮಾಡಿದರೆ ಅವರಿಗೆ ನಗು ಬರುತ್ತಿರಲಿಲ್ಲ. ಪಾಠದ ವಿಷಯದಲ್ಲಿ ನಗುವ ಮನುಷ್ಯ ಅಲ್ಲ ಅವರು.

ಮಿಲಿಟರಿಯಿಂದ ಬಂದ ಮೇಲೆ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಈಗ ಆ ಆಸ್ಪತ್ರೆಯೂ ಇಲ್ಲ, ಆ ಕಟ್ಟಡವೂ ಇಲ್ಲ. ಡಾಕ್ಟರು ಒಳ್ಳೆಯವರು; ಒಳಗೆ ಕರೆದು ಕುರ್ಚಿ ತೋರಿಸಿ ಕೂರಿಸಿದವರು. ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ್ದ ಹಳೇ ಎಕ್ಸ್‌ರೇ ಮೆಷೀನನ್ನು ಕೊಂಡು ತಂದಿದ್ದರು. “ಮಿಲಿಟ್ರಿ ಮಿಷಿನ್ನು, ಮಿಲಿಟ್ರಿ ಮನ್ಷ. ಸರೋಯ್ತು” ಅಂತ ಕಾಂಪೌಂಡರ್ ಶೇಷಪ್ಪ ನಕ್ಕನಂತೆ. ನಾನೂ ಅಲ್ಲೇ ಆಯಾ ಕೆಲಸಕ್ಕೆ ಸೇರಿದೆ. ಆಗಿನ ಎಕ್ಸ್‌ರೇ ಈಗಿನ ಹಾಗೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತಿರಲಿಲ್ಲ. ರೂಮು ಕತ್ತಲೆ ಮಾಡಿ, ಮೆಷೀನು ಓಡುತ್ತಿರುವಾಗಲೇ ಹಸಿರು ಪರದೆಯ ಮೇಲೆ ಮೂಳೆ ನೋಡಿಕೊಂಡು ಡಾಕ್ಟರು ಮುರಿದದ್ದನ್ನು ಕೂರಿಸುತ್ತಿದ್ದರು. ಅಷ್ಟು ಹೊತ್ತೂ ಒಬ್ಬರು ಆ ಕಾಲನ್ನೋ ಕೈಯನ್ನೋ ಅಲ್ಲಾಡದ ಹಾಗೆ ಹಿಡಿದು ಎಳೆಯಬೇಕು. ಮಕ್ಕಳಾದರೆ ಅಮುಕಿ ಹಿಡಿಯಬೇಕು. ಹಿಡಿಯುತ್ತಿದ್ದವರು ನಮ್ಮ ಯಜಮಾನರು.

ಕಿರಣ ತಡೆಯುವ ಸೀಸದ ಕೈಗವಸು ಒಂದೇ ಜೊತೆ ಇತ್ತು. ಅದನ್ನು ಡಾಕ್ಟರಿಗೆ ಕೊಡುತ್ತಿದ್ದರು. “ನೀನೂ ಒಂದ್ ದಿನ ಹಾಕ್ಕೊ ಜವರಯ್ಯ” ಅಂತ ಡಾಕ್ಟರು ಹೇಳಿದರೆ, “ಆಫೀಸರ್‌ಗೆ ಮೊದ್ಲು ಸಾ” ಅನ್ನುವರು. ಡಾಕ್ಟರಿಗೂ ಅದರ ಕೆಡುಕು ಪೂರ್ತಿ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಯಜಮಾನರು ತಮಗೆ ಗೊತ್ತಿದ್ದ ಪಾಠವನ್ನು ಆ ರೂಮಿಗೆ ತಂದರು. ಬಾಗಿಲ ಹೊರಗೆ ಸುಣ್ಣದಲ್ಲಿ ಗೆರೆ ಎಳೆದರು. ಕೆಲಸವಿಲ್ಲದವರು ಗೆರೆ ದಾಟಬಾರದು. ಬಾಗಿಲ ಪಕ್ಕ ಎರಡು ಬಕೀಟು ನೀರು, ಕೆಂಪು ಸೋಪು. ಒಳಗೆ ಹೋಗಿ ಬಂದವರು ಯಾರೇ ಆಗಲಿ ಮೊಣಕೈ ತನಕ ತೊಳೆಯಬೇಕು, ಚಪ್ಪಲಿ ಹೊರಗೆ, ಮನೆಗೆ ಹೋಗಿ ತಲೆಗೆ ನೀರು, ಉಟ್ಟ ಬಟ್ಟೆ ಒಗೆಯಬೇಕು, ಅಲ್ಲಿಯವರೆಗೆ ಮಕ್ಕಳನ್ನು ಎತ್ತಿಕೊಳ್ಳಬಾರದು. ಶೇಷಪ್ಪ ಬಿಡುತ್ತಿರಲಿಲ್ಲ: “ಏನ್ ಮಿಲಿಟ್ರಿ, ಫೋಟ ತಗುಸ್ಕಂಡೋರ್ಗೆಲ್ಲ ನೀರುಯ್ಯುಸ್ತೀಯಲ್ಲ, ಹೆಣ ಸುಟ್ಬುಟ್ಟು ಬಂದವ್ರಾ ಅವ್ರು?”

“ನಿಂಗೊತ್ತಿಲ್ಲ ಸುಮ್ಕಿರು ಶೇಷಪ್ಪ. ಕಣ್ಗೆ ಕಾಣಲ್ಲ ಅಂತ ಇಲ್ದೆ ಓಗಲ್ಲ.”

ಜನಕ್ಕೆ ಮಾತ್ರ ಇದು ಬಹಳ ಬೇಗ ಅರ್ಥವಾಯಿತು. ಅವರಿಗೆ ಗೊತ್ತಿದ್ದ ರೀತಿಯಲ್ಲಿ ಅರ್ಥವಾಯಿತು. ಒಳಗೆ ಹೋಗಿ ಬಂದರೆ ತಲೆಗೆ ನೀರು, ಬಟ್ಟೆಗೆ ನೀರು, ಯಾರನ್ನೂ ಮುಟ್ಟಬಾರದು ಅಂದರೆ ಅದು ಮೈಲಿಗೆ ತಾನೆ? ಒಂದು ದಿನ ಅರಕಲಗೂಡಿನ ಕಡೆಯ ಗೌಡರೊಬ್ಬರು ಬಂದರು. ಸೊಸೆಗೆ ಕೆಮ್ಮು ಅಂತ ಹಿಂದಿನ ವಾರ ಎದೆ ಫೋಟೋ ತೆಗೆಸಿದ್ದರು. ಸುಣ್ಣದ ಗೆರೆಯ ಆಚೆ ನಿಂತು, ಶಲ್ಯ ಕಂಕುಳಿಗೆ ಸಿಕ್ಕಿಸಿಕೊಂಡು, ನಮ್ಮ ಯಜಮಾನರನ್ನು ಕೇಳಿದರು:

“ಅಲ್ಲ ಕಣಪ್ಪ, ನಮ್ ಸೊಸೆ ಜಗಲಿ ಮ್ಯಾಲೆ ಕುಂತವ್ಳೆ. ಮನೇವ್ಳು ಒಳಕ್ ಸೇರುಸ್ತಿಲ್ಲ. ಈ ಫೋಟದ ಮೈಲ್ಗೆ ಎಷ್ಟ್ ದಿನ ಹೇಳು.”

“ಮೈಲ್ಗೆ ಅಲ್ಲ ಗೌಡ್ರೆ. ಸೋಪಾಕಿ ತೊಳುದ್ರೆ ಆಯ್ತು, ಒಳಿಕ್ ಬುಟ್ಕಳಿ.”

“ಅಡ್ಗೆ ಮನೇಗೂ ಬುಡ್ಬೋದಾ?”

“ಬುಡ್ಬೋದು.”

“ದೇವ್ರು ಮನೇಗೆ?”

ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ. ಆ ಗೌಡರ ಮನೆ ಅಂಗಳದ ಒಳಕ್ಕೆ ನಮ್ಮ ಯಜಮಾನರು ಕಾಲಿಡುವ ಹಾಗಿರಲಿಲ್ಲ. ಅವರ ಮನೆಯಲ್ಲಿ ಯಾರು ಎಲ್ಲಿ ಓಡಾಡಬಹುದು ಅಂತ ಇವರು ತೀರ್ಪು ಹೇಳುತ್ತಿದ್ದರು. “ದೇವ್ರು ಮನೇಗೂ ಬುಡ್ಬೋದು ಗೌಡ್ರೆ” ಅಂದರು, ಸೆಲ್ಯೂಟ್ ಹೊಡೆಯುವವರ ಹಾಗೆ ನೆಟ್ಟಗೆ ನಿಂತು. ಮನೆಗೆ ಬಂದು ಆ ಮಾತು ನೆನೆಸಿಕೊಂಡು ನಾನು ನಕ್ಕಿದ್ದೇ ನಕ್ಕಿದ್ದು. ಅವರೂ ಅವತ್ತು ಮಾತ್ರ ಮೀಸೆಯೊಳಗೇ ನಕ್ಕರು.

ನನಗೆ ಬಸಿರು ನಿಂತಿದೆ ಅಂತ ತಿಳಿದ ದಿನವೇ ಅವರು ನನ್ನನ್ನು ಆ ಸುಣ್ಣದ ಗೆರೆಯಿಂದ ಆಚೆ ಹಾಕಿದರು. “ಇನ್ಮ್ಯಾಕೆ ಈ ಕಡೀಕೇ ತಲೆ ಆಕ್ಬ್ಯಾಡ. ಕ್ಯಾಮೆ ಬುಟ್ರೂ ಸೈ” ಅಂದರು. ಡಾಕ್ಟರಿಗೆ ಹೇಳಿ ನನ್ನನ್ನು ಆ ಮೂಲೆಯಿಂದ ದೂರದ ಹೆರಿಗೆ ವಾರ್ಡಿಗೆ ಹಾಕಿಸಿದರು. ಅದೊಂದು ಅವರು ಮಾಡಿದ್ದು ಚಿನ್ನದಂಥ ಕೆಲಸ ಅಂತ ಸುಜಾತ ಈಗಲೂ ಹೇಳುತ್ತಾಳೆ. “ಅಜ್ಜೀ, ನಮ್ಮಮ್ಮ ಹುಷಾರಾಗಿ ಹುಟ್ಟಿದ್ದು ತಾತನ ಗೆರೆಯಿಂದ.” ಹಾಗಂದಾಗ ನನಗೆ ಅಳುವುದೋ ಅವಳನ್ನು ಮುದ್ದಿಸುವುದೋ ತಿಳಿಯುವುದಿಲ್ಲ.

ಆ ವರ್ಷದ ಮಳೆ ಸರಿಯಾಗಿ ಹಿಡಿಯಲಿಲ್ಲ. ಬಂದರೆ ಸೋನೆ, ಇಲ್ಲದಿದ್ದರೆ ಮೋಡ. ಅಕ್ಕಿಗೆ ಸೊಸೈಟಿ ಮುಂದೆ ಸಾಲು. ಹಾಸನದ ಸುತ್ತ ಆಲೂಗಡ್ಡೆ ಕೀಳುವ ಕಾಲ. ಕೆಸರು ಮೆತ್ತಿದ ಮೂಟೆ ತುಂಬಿ ಲಾರಿಗಳು ಸಂತೆಗೆ ಬರುತ್ತಿದ್ದವು, ಮೂಟೆಯ ಮೇಲೆ ಕೂಲಿ ಜನ. ಅಂಥದೊಂದು ಲಾರಿ ಹೊಳೆನರಸೀಪುರದ ರಸ್ತೆಯಲ್ಲಿ ಜಾರಿ ಹಳ್ಳಕ್ಕೆ ಮಗುಚಿತು. ಗಾಡಿಗಳಲ್ಲಿ ಜನರನ್ನು ಹೇರಿಕೊಂಡು ನಮ್ಮ ಆಸ್ಪತ್ರೆಗೆ ತಂದರು. ವರಾಂಡದ ತುಂಬ ನರಳಾಟ, ಹಸಿ ಮಣ್ಣಿನ ವಾಸನೆ. ತಾಯಂದಿರ ಜೊತೆ ಗಡ್ಡೆ ಆರಿಸಲು ಹೋಗಿದ್ದ ಮಕ್ಕಳೂ ಇದ್ದವು.

ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ಮೆಷೀನಿನ ಗುಂಯ್ ಅನ್ನುವ ಸದ್ದು ಹೆರಿಗೆ ವಾರ್ಡಿನ ತನಕ ಕೇಳುತ್ತಿತ್ತು. ಒಬ್ಬರನ್ನು ಇಳಿಸಿದರೆ ಇನ್ನೊಬ್ಬರು. ಪಾಳಿ ಹಾಕಲು ಯಜಮಾನರು ಆಚೆ ಬಂದು ಶೇಷಪ್ಪನನ್ನು ಕರೆದರು.

“ಶೇಷಪ್ಪ, ನೀನೊಂದ್ ನಾಕ್ ಜನುಕ್ಕೆ ಹಿಡ್ಕೊ. ನಾನ್ ಒಂದೇ ಸಮ ನಿಲ್ಲಂಗಿಲ್ಲ, ಪಾಠ್ದಲ್ಲಿ ಬ್ಯಾಡ ಅಂದವ್ರೆ.”

“ಅಯ್ಯೊ ಓಗಯ್ಯ. ನೀನೇ ಎಲ್ರಿಗೂ ಹೆದ್ರುಸ್ಬುಟ್ಟು ಈಗ ನನ್ನ ಕರೀತೀಯ? ನಂಗ್ ಮೂರ್ ಮಕ್ಳವ್ರೆ.”

ಶೇಷಪ್ಪ ಹೇಳಿದ್ದೂ ತಪ್ಪಲ್ಲ. ಅಷ್ಟು ದಿನ ಗೆರೆ ಎಳೆದು, ನೀರು ಸುರಿಸಿ ಹೆದರಿಸಿದವರು ಇವರೇ. ಯಜಮಾನರು ಕೈ ತೊಳೆದುಕೊಂಡು ಮತ್ತೆ ಒಳಗೆ ಹೋದರು. ಆಳು ಬದಲಾಗಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಒಬ್ಬರನ್ನು ಮುಗಿಸುವುದು, ಆಚೆ ಬಂದು ಉಜ್ಜಿ ಉಜ್ಜಿ ತೊಳೆಯುವುದು, ಒಳಗೆ ಹೋಗುವುದು. ತೊಳೆದರೆ ಹೋಗುತ್ತದೆ ಅಂತ ಪೂರ್ತಿ ನಂಬಿದ್ದರು. ಆ ನಂಬಿಕೆಯೇ ಅವರನ್ನು ಮತ್ತೆ ಮತ್ತೆ ಒಳಗೆ ಕಳಿಸಿತು.

ಕೈ ಕೆಂಪಗಾದದ್ದು ಆಮೇಲೆ. ಮೊದಮೊದಲು ಸುಟ್ಟ ಹಾಗೆ ಉರಿ, ಆಮೇಲೆ ಬೊಕ್ಕೆ. ಅದಕ್ಕೂ ಮೊದಲೇ ಬೆರಳ ತುದಿ ಬಿರುಕು ಬಿಡುತ್ತಿತ್ತು, ಉಗುರು ಕಪ್ಪಾಗಿ ಸೀಳುತ್ತಿತ್ತು. ನಾನು ತಪ್ಪನ್ನು ಸೋಪಿನ ಮೇಲೆ ಹಾಕಿದ್ದೆ. “ದಿನಕ್ಕೆ ಅಷ್ಟೊತ್ತು ತೊಳೀತೀರ, ಆ ಸೋಪು ಸುಣ್ಣ ಇದ್ದಂಗೈತೆ, ಕೈ ಒಡೀದೆ ಏನ್ ಮಾಡ್ತದೆ” ಅಂತ ಹರಳೆಣ್ಣೆ ಕಾಯಿಸಿ ಹಚ್ಚುತ್ತಿದ್ದೆ. ಅವರು ಮಾತ್ರ ಎಣ್ಣೆ ಹಚ್ಚಿಸಿಕೊಳ್ಳುತ್ತಾ ತಮ್ಮ ಬೆರಳನ್ನೇ ನೋಡುತ್ತಿದ್ದರು. ಅವರ ಮನಸ್ಸಿಗೆ ಬಂದದ್ದು ಬೇರೆ: ಸರಿಯಾಗಿ ತೊಳೆಯಲಿಲ್ಲ, ಅಂಟಿಬಿಟ್ಟಿದೆ, ಒಳಗೆ ಇಳಿದಿದೆ. ಪಾಸ್ ಅನ್ನಲು ಇಲ್ಲಿ ಪೆಟ್ಟಿಗೆ ಇಲ್ಲ, ಸಾಹೇಬರೂ ಇಲ್ಲ.

ಇದನ್ನು ಅವರು ಆಗ ನನಗೆ ಹೇಳಲಿಲ್ಲ. ನನ್ನನ್ನು ಬಾಗೂರಿಗೆ ಕಳಿಸಿದರು. ಅಲ್ಲೇ ನನ್ನವ್ವನ ಮನೆಯಲ್ಲಿ ಜಯ ಹುಟ್ಟಿದಳು.

ತೊಟ್ಟಿಲಿಗೆ ಹಾಕುವ ದಿನ ಯಜಮಾನರು ಬಂದರು. ಕೈಗೆ ಬಟ್ಟೆ ಸುತ್ತಿತ್ತು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. ಹೆಂಗಸರೆಲ್ಲ “ಬಾ ನಮ್ಮಪ್ಪ, ಮಗೀನ್ ಮಕ ನೋಡು, ಹೆಸ್ರೇಳು” ಅಂದರೆ ಅಲ್ಲಿಂದಲೇ ಕತ್ತು ಉದ್ದ ಮಾಡಿ, “ಜಯ ಅನ್ನಿ. ಯುದ್ಧ ಗೆದ್ದಿದ್ದಲ್ವಾ, ಜಯ” ಅಂದರು. ನಮ್ಮ ಕಾಲದಲ್ಲಿ ಗಂಡಸರು ಹಿರಿಯರ ಮುಂದೆ ತಮ್ಮ ಮಗುವನ್ನು ಎತ್ತಿಕೊಳ್ಳಲು ನಾಚುತ್ತಿದ್ದರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನನ್ನವ್ವನಂತೂ “ಮಿಲಿಟ್ರೀಲಿದ್ರೂವೆ ಎಷ್ಟ್ ಮರ್ಯಾದಸ್ತ” ಅಂತ ಕೇರಿಗೆಲ್ಲ ಹೇಳಿಕೊಂಡು ಬಂದಳು.

ಬಾಣಂತನ ಮುಗಿಸಿಕೊಂಡು ಹಾಸನಕ್ಕೆ ಬಂದಾಗ ತಿಳಿಯಿತು. ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಅವರು ತಮ್ಮ ಚಾಪೆಯನ್ನು ಜಗಲಿಗೆ ಹಾಕಿಕೊಂಡಿದ್ದರು. ತಟ್ಟೆ ಬೇರೆ, ಲೋಟ ಬೇರೆ. ಉಂಡ ತಟ್ಟೆಯನ್ನು ತಾವೇ ತೊಳೆದು ಜಗಲಿಯ ಮೂಲೆಯಲ್ಲಿ ಬೋರಲು ಹಾಕುವರು. ಆ ಲೋಟವನ್ನು ನಾನು ಎತ್ತಿ ಒಳಗಿಟ್ಟರೆ, ಮಾರನೇ ದಿನ ಮತ್ತೆ ಜಗಲಿಯಲ್ಲೇ ಬೋರಲು ಬಿದ್ದಿರುತ್ತಿತ್ತು. ಮಗುವನ್ನು ಅವರ ಹತ್ತಿರ ತಂದರೆ ಸರಿದು ಕೂರುವರು.

“ಮುಟ್ಟುಸ್ಬ್ಯಾಡ ಕಣಮ್ಮಿ. ನನ್ ಕೈಗೆ ಅಂಟೈತೆ.”

“ಏನಂಟೈತೆ? ಗಾಯ ಆಗೈತೆ, ವಾಸಿ ಆಗ್ತದೆ. ಒಂದ್ಸಲ ಎತ್ಕಳಿ, ಕೂಸು ಹೆಂಗ್ ನೋಡ್ತಾವ್ಳೆ ನೋಡಿ.”

“ಪಾಸ್ ಆಗ್ಲಿಲ್ಲ ನಾನು.”

ಎಷ್ಟು ಹೇಳಿದರೂ ಅದೇ. ಚಳಿಗಾಲ ಬಂತು, ಜಗಲಿಯ ಮೇಲೆ ಕಂಬಳಿ ಹೊದ್ದು ನಡುಗುವರು. ಗಾಯ ಮಾಯಲಿಲ್ಲ, ವಾಸನೆ ಬರಲು ಶುರುವಾಯಿತು. ಮಗು ಒಳಗೆ ಅತ್ತರೆ ಹೊರಗಿನಿಂದ “ಯಾಕ್ ಅಳ್ತದೆ? ನೋಡು, ಇರುವೆಗಿರುವೆ ಕಚ್ತಾ?” ಅಂತ ಕೂಗುವರು, ಹೊಸ್ತಿಲು ಮಾತ್ರ ದಾಟುವುದಿಲ್ಲ. ಒಂದು ದಿನ ನನ್ನ ತಾಳ್ಮೆ ಹರಿದುಹೋಯಿತು.

“ಊರೋರು ನಮ್ಮ ಮುಟ್ಬ್ಯಾಡಿ ಅಂದ್ರು ಅಂತ ತಾನೇ ಇಲ್ಲೀಗ್ ಬಂದಿದ್ದು? ಈಗ ನೀವೇ ನಿಮ್ ಮಗೀಗೆ ಮುಟ್ಬ್ಯಾಡ ಅಂತೀರಲ್ಲ. ಹೊಟ್ಟೇಲಿ ಹುಟ್ಟಿದ್ಕೂ ಮೈಲ್ಗೆ ಮಾಡ್ಕಂಡ್ರಲ್ಲ!”

ಅವರು ಕಂಬಳಿಯನ್ನು ಕೈಯ ಮೇಲೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು: “ಅದು ಬ್ಯಾರೆ ಕಣ್ ನಿಂಗಿ. ಅವ್ರು ನಮ್ಮ ಮುಟ್ಟಿದ್ರೆ ಅವ್ರಿಗೇನೂ ಆಗ್ತಿರ್ಲಿಲ್ಲ. ನಾ ಮುಟ್ಟುದ್ರೆ ಇವ್ಳಿಗ್ ಆಗ್ತದೆ.”

ನಾನು ಓದಿದ್ದು ಮೂರನೇ ಕ್ಲಾಸು. ಅಂಟುತ್ತದೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಒಂದೊಂದು ಸಲ ನನಗೂ ಹೆದರಿಕೆ ಆಗುತ್ತಿತ್ತು, ಇವರು ಹೇಳುವುದು ನಿಜವೇ ಆದರೆ ಅಂತ. ಆಗ ಮಗುವನ್ನು ನಾನೇ ಅವಚಿಕೊಂಡು ಒಳಗೆ ಬರುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಬಲಗೈಯ ಬೆರಳುಗಳನ್ನು ತೆಗೆದರು, ಹೆಬ್ಬೆರಳು ಮಾತ್ರ ಉಳಿಸಿದರು. ಕಂಕುಳಲ್ಲಿ ಗಂಟು ಎದ್ದಿದೆ ಅಂತಲೂ ಹೇಳಿದರಂತೆ. ಅದನ್ನು ನನಗೆ ಆಗ ಯಾರೂ ಹೇಳಲಿಲ್ಲ. ಬಸ್ಸಿನಿಂದ ಇಳಿದು ಬಂದವರು, ಬೆಳ್ಳಗೆ ಸುತ್ತಿದ ಆ ಕೈಯನ್ನು ಎದೆಗೆ ಆನಿಸಿಕೊಂಡು, ಜಗಲಿಯ ಮೇಲೆ ತಮ್ಮ ಚಾಪೆಗೆ ಹೋಗಿ ಕೂತರು. ಮಗು ಅಷ್ಟು ಹೊತ್ತಿಗೆ ಬೋರಲು ಬಿದ್ದು ತೆವಳುತ್ತಿತ್ತು. ಹೊಸ್ತಿಲ ತನಕ ಬಂದರೆ, ಅವರು ಕಾಲು ಮಡಚಿ ಗೋಡೆಗೆ ಅಂಟಿಕೊಳ್ಳುವರು.

ಬೇಸಿಗೆ ಮುಗಿಯುವ ಹೊತ್ತಿಗೆ ಆಸ್ಪತ್ರೆಗೆ ಒಬ್ಬ ಸಾಹೇಬರು ಬಂದರು. ಡಾಕ್ಟರು ಹೊಸ ಮೆಷೀನಿಗೆ ಅರ್ಜಿ ಹಾಕಿದ್ದರು. ಅದಕ್ಕೂ ಮೊದಲು ರೂಮು ನೋಡಲು ಸರ್ಕಾರದ ಕಡೆಯಿಂದ ಬಂದವರು. ಕೊಡಗಿನವರು, ಮಿಲಿಟರಿಯಲ್ಲಿ ಕ್ಯಾಪ್ಟನ್ ಆಗಿದ್ದು ರಿಟೈರ್ ಆಗಿ ಈ ಕೆಲಸಕ್ಕೆ ಸೇರಿದ್ದರು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಸಂಬಳ ಕೇಳಲು ಹೋಗಿದ್ದೆ. ಯಜಮಾನರು ನನ್ನಿಂದ ದೂರ, ಬಾಗಿಲ ಪಕ್ಕ ನಿಂತಿದ್ದರು. ಸಾಹೇಬರು ಸುಣ್ಣದ ಗೆರೆ ನೋಡಿದರು, ಬಕೀಟು ನೋಡಿದರು, ಸೋಪು ನೋಡಿದರು.

“ಇದನ್ನೆಲ್ಲ ಯಾರು ಮಾಡಿದ್ದು?”

“ನಾನ್ ಸಾಬ್” ಅಂದರು ಯಜಮಾನರು, ಎಡಗೈಯಲ್ಲಿ ಸೆಲ್ಯೂಟ್ ಮಾಡಲು ಹೋಗಿ ನಾಚಿ ಇಳಿಸಿದರು. ತಮ್ಮ ಹೆಸರು ಹೇಳಿ, ಪೂನಾ ಕಡೆಯ ಕ್ಯಾಂಪಿನಲ್ಲಿ ಕಲಿತದ್ದು ಅಂದರು.

ಸಾಹೇಬರ ಮುಖ ಒಂದು ಥರ ಆಯಿತು. “ನಾನೂ ಅದೇ ಪಾಠ ಕಲಿತವನು ಜವರಯ್ಯ. ಆಮೇಲೆ ಹುಡುಗರಿಗೆ ಕಲಿಸಿದವನೂ ಹೌದು. ಈ ಗೆರೆ ಸರಿ. ದೂರ ನಿಲ್ಲಿಸಿದ್ದು ಸರಿ. ಆದರೆ ತೊಳೆಯುವುದು ಧೂಳಿನ ಪಾಠ. ಈ ರೂಮಿನಲ್ಲಿ ಧೂಳು ಎಲ್ಲಿದೆ?”

ಯಜಮಾನರು ರೂಮಿನ ನೆಲ ನೋಡಿದರು.

“ಟಾರ್ಚ್ ಹಾಕಿದರೆ ಬೆಳಕು ಬೀಳುತ್ತೆ. ಆರಿಸಿದ ಮೇಲೆ ಬೆಳಕು ಗೋಡೆಗೆ ಅಂಟಿಕೊಂಡಿರುತ್ತಾ? ಈ ಮೆಷೀನೂ ಅಷ್ಟೇ. ಉರಿಯುವಾಗ ಅದರ ಎದುರಿಗೆ ಕೈ ಇಟ್ಟರೆ ಕೈ ಸುಡುತ್ತೆ. ಆರಿಸಿದ ಮೇಲೆ ಏನೂ ಇಲ್ಲ. ಎಷ್ಟು ತೊಳೆದರೂ ಸುಟ್ಟದ್ದು ಹೋಗಲ್ಲ, ತೊಳೆಯದಿದ್ದರೂ ಇನ್ನೊಬ್ಬರಿಗೆ ಹತ್ತಲ್ಲ.” ಆಮೇಲೆ ಡಾಕ್ಟರ ಕಡೆ ತಿರುಗಿ ಅಂದರು: “ಸೈನ್ಯದಲ್ಲಿ ಯಾರಾದರೂ ಒಬ್ಬ ಹೋಗಲೇಬೇಕು ಅಂತ ಕಲಿಸ್ತೀವಿ. ಇಲ್ಲಿ ಯಾರೂ ಹೋಗಬೇಕಾಗಿರಲಿಲ್ಲ. ಮೂಳೆ ಮುರಿದ ಮಗುವನ್ನು ಬಟ್ಟೆಯ ಪಟ್ಟಿಯಲ್ಲಿ ಕಟ್ಟಿ, ಎರಡು ಕಡೆ ಮರಳಿನ ಚೀಲ ಇಟ್ಟಿದ್ದರೆ ಸಾಕಿತ್ತು. ನಾನು ಈ ಕೆಲಸಕ್ಕೆ ಬಂದ ಮೇಲೆ ಅರ್ಧ ಪಾಠ ಇಟ್ಟುಕೊಂಡು ಅರ್ಧ ಮರೆಯಬೇಕಾಯಿತು. ಯಾವ ಅರ್ಧ ಅಂತ ಇವರಿಗೆ ಹೇಳುವವರು ಯಾರೂ ಇರಲಿಲ್ಲ.”

ಯಜಮಾನರಿಗೆ ಆ ಮಾತು ಒಳಗೆ ಇಳಿದ ಹಾಗೆ ಕಾಣಲಿಲ್ಲ. ಸಾಹೇಬರೇ ತಮ್ಮ ಜೀಪಿನಿಂದ ಒಂದು ಪೆಟ್ಟಿಗೆ ತರಿಸಿದರು. ಅದನ್ನು ಗೋಡೆಯ ಮುಂದೆ ಹಿಡಿದರು. ಆಗೊಮ್ಮೆ ಈಗೊಮ್ಮೆ ಟಿಕ್ ಅಂದಿತು. “ಇದು ಎಲ್ಲ ಕಡೆಯೂ ಇರುವಂಥದ್ದು” ಅಂದರು. ಆಮೇಲೆ ಬಟ್ಟೆ ಸುತ್ತಿದ ಕೈಯ ಮೇಲೆ ಆಡಿಸಿದರು. ಮುಖದ ಮೇಲೆ, ಎದೆಯ ಮೇಲೆ ಆಡಿಸಿದರು. ಗೋಡೆಯ ಹತ್ತಿರ ಎಷ್ಟಂದಿತ್ತೋ ಅಷ್ಟೇ. ಮಗುವಿನ ಹತ್ತಿರ ಹಿಡಿದರು, ಅಲ್ಲೂ ಅಷ್ಟೇ.

“ಪಾಸ್” ಅಂದರು ಸಾಹೇಬರು.

ಯಜಮಾನರ ತುಟಿ ಅಲ್ಲಾಡಿತು. “ಸಾಬ್, ಅಂಗಾದ್ರೆ ಮಗೀನ ಮುಟ್ಬೋದಿತ್ತಾ?”

“ಯಾವತ್ತು ಬೇಕಾದರೂ.”

“ಹುಟ್ಟಿದ್ ದಿನಾನೂ?”

ಸಾಹೇಬರು ಹೌದೆಂದು ತಲೆ ಆಡಿಸಿದರು. ಯಜಮಾನರು ಅಲ್ಲೇ ಸುಣ್ಣದ ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಬೆರಳು ಹೋದಾಗ ಅಳದವರು, ಅವತ್ತು ಎಲ್ಲರ ಎದುರಿಗೆ ಅತ್ತರು. ಶೇಷಪ್ಪ ಬಂದು ತೋಳು ಹಿಡಿದು ಎಬ್ಬಿಸಿ, “ಏಳ್ಲಾ ಮಿಲಿಟ್ರಿ, ಏಳು. ನಿನ್ ಕೂಸು ನೋಡ್ತಾ ಐತೆ” ಅಂದ.

ನಾನು ಮಗುವನ್ನು ಮುಂದೆ ಚಾಚಿದೆ. ಎಷ್ಟು ಆಸೆಯಿಂದ ಚಾಚಿದೆ. ಅವರು ಒಂದು ಕೈ, ಒಂದು ಬಟ್ಟೆಯ ಗಂಟು, ಎರಡನ್ನೂ ಮುಂದಕ್ಕೆ ತಂದರು. ಮಗುವಿಗೆ ಆಗ ಮುಖ ಗುರುತು ಹಿಡಿಯುವ ವಯಸ್ಸು. ದಿನವೂ ದೂರ ಕೂರುತ್ತಿದ್ದ, ಗಡ್ಡ ಬಿಟ್ಟ, ಬೆಳ್ಳನೆಯ ಮೊಂಡು ಕೈಯ ಆ ಮನುಷ್ಯ ಅವಳಿಗೆ ಯಾರು? ಕಿಟಾರನೆ ಕಿರುಚಿಕೊಂಡು ನನ್ನ ಕತ್ತಿಗೆ ಜೋತುಬಿದ್ದಳು. ಆಮೇಲೆ ದಿನಾ ಪ್ರಯತ್ನ ಮಾಡಿದೆವು. ಬೆಲ್ಲ ತೋರಿಸಿದರು, ಬಾಯಲ್ಲಿ ಬಿಗಲ್ ಊದುವ ಸದ್ದು ಮಾಡಿದರು, ಎಡಗೈಯಲ್ಲಿ ಗಿಲಕಿ ಆಡಿಸಿದರು. ದೂರದಿಂದಾದರೆ ನಗುವಳು, ಹತ್ತಿರ ಬಂದರೆ ಅಳು. ಅವರಿಗೆ ಆಗಲೇ ಜ್ವರ ಬಂದು ಹೋಗಿ ಮಾಡುತ್ತಿತ್ತು. ಗಲಾಟೆ ತಡೆಯುವ ಶಕ್ತಿ ಇರಲಿಲ್ಲ.

ಒಂದು ಮಧ್ಯಾಹ್ನ ಮೊದಲ ಮಳೆ ಬೀಳುತ್ತಿತ್ತು. ಅವರು ಈಗ ಒಳಗೇ ಮಲಗುತ್ತಿದ್ದರು. ಮಗು ನನ್ನ ತೊಡೆಯ ಮೇಲೆ ಹಾಲು ಕುಡಿಯುತ್ತಾ ನಿದ್ದೆ ಹೋಗಿತ್ತು.

“ಪೂರಾ ನಿದ್ದೆ ಬಂದೈತಾ?” ಅಂದರು.

ಹೂಂ ಅಂದೆ. ಮೆಲ್ಲಗೆ ತಂದು ಅವರ ಎದೆಯ ಮೇಲೆ ಬೋರಲು ಮಲಗಿಸಿದೆ. ಮೊದಲು ಎರಡೂ ಕೈಯನ್ನು ಗಾಳಿಯಲ್ಲೇ ಹಿಡಿದಿದ್ದರು, ಎಲ್ಲಿ ಇಡಬೇಕು ಅಂತ ತಿಳಿಯದೆ. ಆಮೇಲೆ ಎಡಗೈಯನ್ನು ಅವಳ ಬೆನ್ನ ಮೇಲೆ ಇಟ್ಟರು. ಬಲಗೈಯ ಗಂಟನ್ನು ಅವಳ ಕಾಲ ಹತ್ತಿರ ತಂದು, ತಾಗಿಸಿಯೂ ತಾಗಿಸದ ಹಾಗೆ ಇಟ್ಟರು. ಉಸಿರು ಕೂಡ ಹಿಡಿದು ಹಿಡಿದು ಬಿಡುತ್ತಿದ್ದರು. ಹೆಂಚಿನಿಂದ ಒಂದೊಂದೇ ಹನಿ ಅವರ ಹಣೆಯ ಮೇಲೆ ಬೀಳುತ್ತಿತ್ತು. ನಾನು ಚಾಪೆ ಸರಿಸಲು ಬಂದರೆ ಕಣ್ಣಿನಲ್ಲೇ ಬೇಡ ಅಂದರು.

ಮಳೆ ನಿಂತ ಮೇಲೆ ಮಗು ಎಚ್ಚರವಾಯಿತು. ತಲೆ ಎತ್ತಿ ಮುಖ ನೋಡಿತು. ತುಟಿ ಕೆಳಗಾಯಿತು, ಅಳು ಎದ್ದಿತು.

“ತಗೊ, ತಗೊ” ಅಂದರು ಗಾಬರಿಯಿಂದ. ನಾನು ಎತ್ತಿಕೊಂಡೆ. ಅವರ ಅಂಗಿಯ ಮೇಲೆ ಅವಳ ಜೊಲ್ಲು ಒದ್ದೆಯಾಗಿ ನಿಂತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

“ಅಳುಸ್ಬ್ಯಾಡ ಅವ್ಳ. ಮತ್ತೆ ನಿದ್ದೆ ಬಂದಾಗ ಕೊಡು” ಅಂದರು.

ಆ ಮಳೆಗಾಲವೆಲ್ಲ ನಾನು ಹೊತ್ತಲ್ಲದ ಹೊತ್ತಿನಲ್ಲೂ ಮಗುವಿಗೆ ಜೋಗುಳ ಹಾಡಿ ಮಲಗಿಸುತ್ತಿದ್ದೆ.